ಕಂತು ಮುಗಿಯುವ ತನಕ

ಮನೆಯ ಮಗ ತನ್ನ ಹೆಂಡತಿಗೆ ಕೈಯೊಂದನ್ನು ಬಿಟ್ಟು ಬೇರೆಲ್ಲಾದರೂ ಹೊಡೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೆನ್ನಿಗೆ ಬಿದ್ದದ್ದು ಬೆನ್ನಿನಲ್ಲೇ ಇರುತ್ತಿತ್ತು, ಬಟ್ಟೆ ಮುಚ್ಚುತ್ತಿತ್ತು, ಊರು ತನ್ನ ಪಾಡಿಗೆ ತಾನಿರುತ್ತಿತ್ತು. ಆ ಮಹಾರಾಯನಿಗೆ ಅಷ್ಟೂ ಬುದ್ಧಿ ಇರಲಿಲ್ಲ. ಟ್ರ್ಯಾಕ್ಟರಿನ ಜಾಕ್ ರಾಡು ಕೈಗೆ ಸಿಕ್ಕಿತು, ಬೀಸಿದ. ಮುಖಕ್ಕೆ ಬೀಳುತ್ತದೆಂದು ಅವಳು ಬಲಗೈ ಅಡ್ಡ ಹಿಡಿದಳು. ಒಣ ಕಟ್ಟಿಗೆ ಮುರಿದ ಹಾಗೆ ಲಟಕ್ಕೆಂದಿತು.

ಕಾರಣ ಕೇಳಿದರೆ ನಗು ಬರುತ್ತದೆ. ಮೊಟ್ಟೆ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತಂತೆ! ಉಪ್ಪು ಬರೀ ನೆಪ. ನಿಜವಾದ ಕಾರಣ ಮನೆಯ ಮುಂದಿನ ಕೋಣೆಯಲ್ಲಿ ಗಡಗಡ ಎನ್ನುತ್ತಿತ್ತು. ಅದು ಹಿಟ್ಟಿನ ಗಿರಣಿ. ಸೊಸೆ ಹೆಂಗಸರ ಗುಂಪಿನಲ್ಲಿ ಸಾಲ ತೆಗೆದು ಹಾಕಿದ್ದು. ಗಿರಣಿ ಬಂದ ಮೇಲೆ ಮನೆಯ ಹೆಸರೇ ಬದಲಾಯಿತು. 'ಗಿರಣಿಯವಳ ಮನೆ ಎಲ್ಲಿ' ಎಂದು ಕೇಳಿಕೊಂಡು ಪಕ್ಕದ ಹಳ್ಳಿಯವರೂ ಕಾಳಿನ ಚೀಲ ಹೊತ್ತು ಬರುತ್ತಿದ್ದರು. ಅವನು ಹೊಲ ಉಳಲು ಹೋದಲ್ಲೆಲ್ಲ 'ಓ, ಗಿರಣಿಯವಳ ಗಂಡನಾ?' ಎನ್ನುತ್ತಿದ್ದರು. ಟ್ರ್ಯಾಕ್ಟರಿನ ಸೀಟಿನ ಮೇಲೆ ರಾಜನ ಹಾಗೆ ಕೂತವನಿಗೆ ಆ ಮಾತು ಮೊಳೆ ಹೊಡೆದ ಹಾಗೆ ತಾಗುತ್ತಿತ್ತು.

ಕೈ ಮುರಿದಾಗ ಅತ್ತೆ ಒಲೆಯ ಮುಂದಿದ್ದಳು, ಮೊಮ್ಮಗಳು ಶಾಲೆಗೆ ಹೋಗಿದ್ದಳು. ಊರೆಲ್ಲ ಅವಳನ್ನು ಲೀಡರಮ್ಮ ಎಂದೇ ಕರೆಯುತ್ತಿತ್ತು, ಏಕೆಂದರೆ ಗುಂಪು ಕಟ್ಟಿದವಳು ಅವಳೇ, ಹತ್ತು ಹೆಂಗಸರನ್ನು ಬೈದು, ಪುಸಲಾಯಿಸಿ ಕೂಡಿಸಿದವಳೂ ಅವಳೇ. ಮನೆಯಾಚೆ ಅಂಥ ಗಟ್ಟಿಗಿತ್ತಿ, ಮನೆಯೊಳಗೆ ಮಾತ್ರ ಮಗನ ತಾಯಿ. ಸತ್ತ ಗಂಡನ ಕೈಯಲ್ಲಿ ತಾನೂ ಬೇಕಾದಷ್ಟು ತಿಂದಿದ್ದಳು, ಆಗ ತನ್ನ ಅತ್ತೆ ಹೇಳಿದ ಗಾದೆಯನ್ನೇ ಈಗ ಸೊಸೆಗೆ ದಾಟಿಸಿದಳು.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಕಣೇ. ಬಾ, ಆಸ್ಪತ್ರೆಗೆ ಹೋಗೋಣ. ಜಾರಿ ಬಿದ್ದೆ ಅನ್ನು."

"ಉಣ್ಣೋದು ಯಾವ ಕೈಯಲ್ಲಿ, ಅತ್ತೆ?" ಎಂದಳು ಸೊಸೆ. ಅಳುತ್ತಿರಲಿಲ್ಲ. ಮುಖ ಮಾತ್ರ ಬಿಳಿಚಿಕೊಂಡಿತ್ತು.

ಪ್ಲಾಸ್ಟರು ಹಾಕಿಸಿಕೊಂಡು ಬಂದರು. ಗಿರಣಿ ನಿಂತಿತು. ಲೀಡರಮ್ಮ ತಾನೇ ನಡೆಸುತ್ತೇನೆಂದು ಸ್ವಿಚ್ಚು ಒತ್ತಿ ನೋಡಿದಳು. ಹಿಟ್ಟು ಮರಳಿನ ಹಾಗೆ ಬಂತು, ಜನ ಮೂತಿ ತಿರುಗಿಸಿಕೊಂಡು ಪೇಟೆಯ ಗಿರಣಿಗೆ ಹೋದರು.

ಆ ವಾರ ಕಂತು ಕಟ್ಟುವ ದಿನ ಸ್ಕೂಟರ್ ಮೇಡಂ ಬಂದಳು. ಸಾಲ ಕೊಟ್ಟ ಕಂಪನಿಯವಳು. ಅವಳ ನಿಯಮ ಒಂದೇ: ಹತ್ತರಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರು ತುಂಬಿಕೊಡಬೇಕು, ತುಂಬುವ ತನಕ ಯಾರೂ ಚಾಪೆ ಬಿಟ್ಟು ಏಳುವಂತಿಲ್ಲ. ಹೆಂಗಸರು ಗೊಣಗುತ್ತಾ ಸೆರಗಿನ ಗಂಟು ಬಿಚ್ಚಿದರು. ಮುಂದಿನ ವಾರವೂ ಬಿಚ್ಚಿದರು. ಮೂರನೆಯ ವಾರ ಕೋಳಿಯಮ್ಮ ಬಿಚ್ಚಲಿಲ್ಲ. ಕೋಳಿ ಸಾಕಿ, ಮೊಟ್ಟೆ ಮಾರಿ ಮೂರು ಮಕ್ಕಳನ್ನು ಸಾಕಿದ ಹೆಂಗಸು, ಬಾಯಿ ತೆಗೆದರೆ ಕೆಂಡ.

"ಕೈ ಮುರಿದೋನು ನಿನ್ನ ಮಗ, ತುಂಬೋರು ನಾವಾ?" ಎಂದಳು. "ಯಾವೂರ ನ್ಯಾಯಾನೇ ಇದು, ಲೀಡರಮ್ಮ?"

"ಜಾರಿ ಬಿದ್ದಳು ಅಂದೆನಲ್ಲ."

"ಹೂಂ, ನಾನೂ ಜಾರಿ ಜಾರೀನೇ ಗಂಡ ಸಾಯೋ ತನಕ ಬದುಕಿದ್ದು. ಯಾರ ಕಿವಿ ಮೇಲೆ ಹೂ ಇಡ್ತೀಯಾ?"

ದರ್ಜಿ ಅಕ್ಕ ಮೆಲ್ಲಗೆ ಹೇಳಿದಳು, "ಈ ಕೈ ವಾಸಿಯಾಗುತ್ತೆ, ಆ ಕೈ ಮುರೀತಾನೆ. ವರ್ಷಪೂರ್ತಿ ನಾವು ಕಟ್ಟೋಕಾಗುತ್ತಾ? ಒಂದೋ ನೀವು ಸೊಸೆ ಪಾಲು ಪೂರ್ತಿ ಕಟ್ಟಿ. ಇಲ್ಲಾಂದ್ರೆ ಬಾಗಿಲು ತೆಗೆದು ನಮ್ಮನ್ನ ಒಳಗೆ ಬಿಡಿ."

ಲೀಡರಮ್ಮನ ಹತ್ತಿರ ಕಟ್ಟಲು ಏನಿತ್ತು, ಮಣ್ಣು? ಬಾಗಿಲು ತೆಗೆದಳು.

ಮಗ ಮಧ್ಯಾಹ್ನದ ಊಟಕ್ಕೆ ಕೂತಿದ್ದ. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಯ ಸುತ್ತ ನಿಂತರು. ಒಬ್ಬಳ ಕೈಯಲ್ಲಿ ಲಟ್ಟಣಿಗೆ, ಒಬ್ಬಳ ಕೈಯಲ್ಲಿ ಒನಕೆಯ ತುಂಡು, ದರ್ಜಿ ಅಕ್ಕನ ಕೈಯಲ್ಲಿ ಬಟ್ಟೆ ಅಳೆಯುವ ಗಜದ ಕೋಲು. ಕೊನೆಗೆ ಬಂದ ಲೀಡರಮ್ಮ ಬಾಗಿಲಿಗೆ ಚಿಲಕ ಹಾಕಿ ಬೆನ್ನು ಕೊಟ್ಟು ನಿಂತಳು.

"ಏನ್ರಮ್ಮಾ ಇದು?" ಎಂದ ಮಗ, ತುತ್ತು ಬಾಯಲ್ಲೇ ಇತ್ತು.

"ಉಂಡು ಮುಗಿಸಪ್ಪ," ಎಂದಳು ಕೋಳಿಯಮ್ಮ. "ಅನ್ನದ ಮುಂದೆ ಎಬ್ಬಿಸಬಾರದು. ನಮಗೇನೂ ಅವಸರ ಇಲ್ಲ."

ಅವನು ತುತ್ತು ಉಗುಳಿದ. ತಟ್ಟೆ ತಳ್ಳಿ ಎದ್ದ. ಎದ್ದವನ ಮೊಣಕಾಲಿಗೆ ಲಟ್ಟಣಿಗೆ ಬಿತ್ತು, ಕುಸಿದ. ಆಮೇಲೆ ಯಾರದು ಯಾವ ಏಟು ಎಂದು ಹೇಳುವ ಹಾಗಿರಲಿಲ್ಲ. "ಇದು ನನ್ನ ಮೊಟ್ಟೆ ಕಾಸಿಗೆ!" "ಇದು ನನ್ನ ಮಗಳ ಫೀಸಿಗೆ!" "ಇದು ನಾನು ಹಸುವಿನ ಹಿಂಡಿಗೆ ಇಟ್ಟಿದ್ದಕ್ಕೆ!" ಗಜದ ಕೋಲು ಮುರಿಯಿತು, ದರ್ಜಿ ಅಕ್ಕ ಮುರಿದ ತುಂಡಿನಲ್ಲೇ ಮುಂದುವರಿಸಿದಳು. ಅವನ ಹುಬ್ಬು ಒಡೆದು ರಕ್ತ ಅನ್ನದ ತಟ್ಟೆಗೆ ಸೋರಿತು.

"ಅಮ್ಮಾ, ಬಾಗಿಲು ತೆಗಿ! ಸಾಯಿಸ್ತಾರೆ ಇವರು, ಅಮ್ಮಾ!"

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ. ಅವಳ ಕೈ ತಾನಾಗಿ ಚಿಲಕದ ಹತ್ತಿರ ಹೋಯಿತು. ಕೋಳಿಯಮ್ಮ ತಿರುಗಿ ನೋಡಿದಳು. ಲೀಡರಮ್ಮ ಕಣ್ಣು ಮುಚ್ಚಿಕೊಂಡು ಹಾಗೇ ನಿಂತಳು. ಸೊಸೆ ಗಿರಣಿಯ ಕೋಣೆಯ ಬಾಗಿಲಲ್ಲಿ ಪ್ಲಾಸ್ಟರಿನ ಕೈ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದಳು. ಇಷ್ಟು ಏಟಿನಲ್ಲಿ ಒಂದಾದರೂ ತನ್ನ ಕೈಗಾಗಿ ಬಿದ್ದದ್ದಲ್ಲ ಎಂಬುದು ಅವಳಿಗೆ ಗೊತ್ತಾಯಿತು. ಆಮೇಲೆ ಅತ್ತೆಗೆ ಅವಳೇ ಅದನ್ನು ಹೇಳಿದಳು.

ಹೊರಡುವಾಗ ಕೋಳಿಯಮ್ಮ ಅವನ ಕುತ್ತಿಗೆಪಟ್ಟಿ ಹಿಡಿದು ಹೇಳಿದಳು, "ನೋಡಪ್ಪ, ಕಂತು ಮುಗಿಯೋ ತನಕ ಇವಳ ಮೈ ನಮ್ಮದು. ಮುಟ್ಟಿದ್ಯೋ, ಮತ್ತೆ ಬರ್ತೀವಿ. ಮುಗಿದ ಮೇಲೆ ನಿಮ್ಮ ಮನೆ, ನಿಮ್ಮ ಸಂಸಾರ."

ಊರು ವಾರವಿಡೀ ನಕ್ಕಿತು. ಚಹಾ ಅಂಗಡಿಯಲ್ಲಿ ಅವನು ಕಾಲಿಟ್ಟರೆ ಯಾರೋ ಒಬ್ಬ 'ಬಾಗಿಲು ಭದ್ರ ಹಾಕ್ರಪ್ಪ' ಎನ್ನುತ್ತಿದ್ದ. ಅವನು ಮಾತು ಕಡಿಮೆ ಮಾಡಿದ. ಹೆಂಡತಿಯ ಮೈ ಮುಟ್ಟಲಿಲ್ಲ, ನಿಜ. ನೀರಿನ ಕೊಡ ಒದ್ದು ನೆಗ್ಗಿಸಿದ. ಅವಳು ಅನ್ನ ಹಾಕುತ್ತಿದ್ದ ನಾಯಿಯ ಸೊಂಟ ಮುರಿದ. ಒಂದು ದಿನ ಅವಳು ಊಟ ಬಡಿಸುವಾಗ ಸುಡುವ ಬೇಳೆಯ ಪಾತ್ರೆಯನ್ನು ಅವಳ ಪಾದದಿಂದ ಗೇಣಾಚೆ ಕವುಚಿದ. "ತಾಗಿಲ್ಲ ತಾನೆ? ಹೋಗಿ ಹೇಳ್ಕೋ," ಎಂದ.

ಕೈ ವಾಸಿಯಾಯಿತು, ಸ್ವಲ್ಪ ಸೊಟ್ಟಗೆ. ಗಿರಣಿ ಮತ್ತೆ ಶುರುವಾಯಿತು. ಆಗ ಒಂದು ಆಶ್ಚರ್ಯ ನಡೆಯಿತು. ಒಂದು ಸಂಜೆ ಮಗ ಟ್ರ್ಯಾಕ್ಟರಿನ ಕೂಲಿಯನ್ನು ತಂದು ತಾಯಿಯ ಮುಂದಿಟ್ಟ.

"ಇದನ್ನೂ ಅವಳ ಕಂತಿಗೆ ಹಾಕು. ಎರಡೆರಡು ಕಂತು ಒಟ್ಟಿಗೆ ಕಟ್ಟೋಣ. ಬೇಗ ತೀರಲಿ."

ಲೀಡರಮ್ಮನಿಗೆ ಆಕಾಶ ಮೂರೇ ಗೇಣು. ಗುಂಪಿನಲ್ಲಿ ಹೇಳಿಕೊಂಡು ಬೀಗಿದಳು. "ಏಟು ಬಿದ್ರೆ ಬಿತ್ತು, ನನ್ನ ಮಗನಿಗೆ ಬುದ್ಧಿ ಬಂತು ನೋಡ್ರೇ." ಅವನು ಬೀಡಿ ಬಿಟ್ಟ. ಚಹಾ ಅಂಗಡಿಗೆ ಹೋಗುವುದು ಬಿಟ್ಟ. ಪ್ರತಿ ವಾರ ಕಾಸು ತಂದು ಕೊಟ್ಟ. ಮಗನಿಗೆಂದು ಅವಳು ಎರಡು ಮೊಟ್ಟೆ ಹೆಚ್ಚು ಬೇಯಿಸತೊಡಗಿದಳು. ಸೊಸೆ ಮಾತ್ರ ದಿನದಿನಕ್ಕೆ ಸೊರಗುತ್ತಿದ್ದಳು.

"ಏನೇ ನಿನ್ನ ರೋಗ?" ಅತ್ತೆ ರೇಗಿದಳು. "ಗಂಡ ಹೊಡೆದ್ರೂ ಕಷ್ಟ, ದುಡಿದು ತಂದ್ರೂ ಕಷ್ಟಾನಾ?"

ಸೊಸೆ ಗಿರಣಿಯ ಕಲ್ಲಿಗೆ ಅಂಟಿದ ಹಿಟ್ಟು ಒರೆಸುತ್ತಿದ್ದಳು. ಕೈ ನಿಲ್ಲಿಸಿದಳು. "ಅತ್ತೆ, ಅವರು ಸಾಲ ತೀರಿಸ್ತಿಲ್ಲ. ದಾರಿ ತೆರವು ಮಾಡ್ಕೊಳ್ತಿದ್ದಾರೆ."

"ಏನು ಹಾಗಂದ್ರೆ?"

"ಕೋಳಿಯಮ್ಮ ಏನಂದ್ರು ಅವತ್ತು? ಕಂತು ಮುಗಿಯೋ ತನಕ ಅಂದ್ರು."

"ಥೂ, ನಿನ್ನ ನಾಲಿಗೆಗೆ ಹುಳ ಬೀಳ. ಒಳ್ಳೇದು ಕಂಡ್ರೆ ಕಣ್ಣು ಉರಿಯುತ್ತಾ ನಿನಗೆ?" ಎಂದು ಲೀಡರಮ್ಮ ಎದ್ದು ಹೋದಳು. ಹೋದವಳಿಗೆ ಆ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡಿತು.

ಸೊಸೆ ಸುಮ್ಮನೆ ಕೂರಲಿಲ್ಲ. ಇದು ತೀರುವ ಮೊದಲೇ ಇನ್ನೊಂದು ಸಾಲ ಬೇಕೆಂದು ಸ್ಕೂಟರ್ ಮೇಡಂ ಹತ್ತಿರ ಕೇಳಿದಳು. ಗಂಡನ ಸಹಿ ಬೇಕು ಎಂದಳು ಮೇಡಂ, ಅದು ನಿಯಮ. ಊಟದ ಹೊತ್ತಿನಲ್ಲಿ ಕಾಗದ ಅವನ ಮುಂದಿಟ್ಟಳು. ಅವನು ಅದರ ಮೇಲೆ ನೀರಿನ ಲೋಟ ಇಟ್ಟು ನಕ್ಕ.

"ಸಾಲ ಯಾಕೆ? ಸಾಲ ಇಲ್ಲದ ಸಂಸಾರಾನೇ ಸುಖ ಅಂತ ದೊಡ್ಡೋರು ಹೇಳಿಲ್ವಾ?"

"ಅತ್ತೆ, ನಿಮ್ಮ ಹೆಸರಲ್ಲಿ?" ಎಂದಳು ಸೊಸೆ.

"ನನಗೆ ವಯಸ್ಸಾಯ್ತಂತೆ ಕಣೇ. ನನ್ನ ಹೆಸರಲ್ಲಿ ಕೊಡಲ್ಲ. ಬರೀ ಲೀಡರ್ ಗಿರಿ ಮಾಡ್ಕೊಂಡಿರು ಅಂದ್ಲು ಮೇಡಂ."

ಸೊಸೆ ಎದ್ದು ಒಳಗೆ ಹೋದ ಮೇಲೆ ತಾಯಿ ಮಗನಿಗೆ ಇನ್ನೊಂದು ಸೌಟು ಅನ್ನ ಬಡಿಸುತ್ತಾ ಕೇಳಿದಳು, "ಒಂದು ಸಹಿ ಹಾಕಿದ್ರೆ ನಿನ್ನ ಗಂಟೇನು ಹೋಗುತ್ತೋ?"

ಅವನು ಬೆರಳು ನೆಕ್ಕಿದ. ಊಟದ ರುಚಿ ಹೇಳುವವನ ಹಾಗೆ ಹೇಳಿದ: "ಅಮ್ಮ, ಅವತ್ತು ಅಷ್ಟು ಜನ ಹೊಡೆದ್ರು. ನಾನು ಯಾರಿಗೂ ತಿರುಗಿಸಿ ಕೊಡಲಿಲ್ಲ. ಯಾಕೆ ಹೇಳು? ಎಲ್ಲರದ್ದೂ ಒಬ್ಬಳ ಹತ್ರಾನೇ ವಸೂಲಿ ಮಾಡೋಣ ಅಂತ."

ಸೌಟು ಅವಳ ಕೈಯಲ್ಲೇ ಉಳಿಯಿತು.

"ಲೋ, ಅವಳು ಸತ್ತುಹೋಗ್ತಾಳೆ ಕಣೋ."

"ಸಾಯಲ್ಲ ಬಿಡು. ಗಿರಣಿಯವಳು ಗಟ್ಟಿ ಇದ್ದಾಳೆ."

ಬಾಳಿನಲ್ಲಿ ಮೊದಲ ಸಲ ಲೀಡರಮ್ಮನಿಗೆ ಮಗನನ್ನು ಕಂಡು ಹೆದರಿಕೆಯಾಯಿತು. ಗಂಡ ಕುಡಿದು ಹೊಡೆಯುತ್ತಿದ್ದ, ಅಮಲು ಇಳಿದ ಮೇಲೆ ಅಳುತ್ತಿದ್ದ. ಇವನು ಬೀಡಿಯನ್ನೂ ಬಿಟ್ಟು ಕಾಸು ಕೂಡಿಸಿದ್ದ, ಹೆಂಡತಿಯನ್ನು ಹೊಡೆಯಲಿಕ್ಕೆ!

ಕೊನೆಯ ಕಂತನ್ನಾದರೂ ಬಾಕಿ ಉಳಿಸಬೇಕೆಂದು ಅತ್ತೆ ಸೊಸೆ ಪಿಸುಗುಟ್ಟಿಕೊಂಡರು. ಉಳಿಸಲು ಅವನು ಬಿಟ್ಟರೆ ತಾನೆ? ಕಂತಿನ ದಿನ ತಾನೇ ಬಂದು ಚಾಪೆಯ ತುದಿಯಲ್ಲಿ ನಿಂತು ಮೇಡಂ ಕೈಗೆ ಕಾಸು ಎಣಿಸಿದ. ಮೇಡಂ 'ಇಂಥ ಗಂಡ ಎಲ್ಲರಿಗೂ ಸಿಗಲಿ' ಎಂದು ಚಪ್ಪಾಳೆ ತಟ್ಟಿಸಿದಳು. ಅವನು ಬಿಸ್ಕತ್ತಿನ ಪೊಟ್ಟಣ ಒಡೆದು ಹೆಂಗಸರಿಗೆಲ್ಲ ಒಂದೊಂದು ಹಂಚಿದ. ಕೋಳಿಯಮ್ಮನಿಗೆ ಎರಡು ಕೊಟ್ಟ. ಗಿರಣಿ ಇನ್ನು ಮೇಲೆ ಸೊಸೆಯ ಸ್ವಂತದ್ದು ಎಂದು ಮೇಡಂ ಹೇಳಿ ಸ್ಕೂಟರ್ ಹತ್ತಿದಳು. ಅವನು ಟ್ರ್ಯಾಕ್ಟರ್ ನಿಲ್ಲಿಸಿ ಬರುತ್ತೇನೆಂದು ಹೋದ.

ಸೊಸೆ ಚಾಪೆಯ ಮೇಲೆ ಕೂತೇ ಇದ್ದಳು. "ನಾಳೆಯಿಂದ ನಾನು ಕೂಗಿದ್ರೆ ನೀವು ಬರ್ತೀರಾ?" ಎಂದು ಕೇಳಿದಳು.

ಬಿಸ್ಕತ್ತು ತಿನ್ನುತ್ತಿದ್ದ ಬಾಯಿಗಳು ನಿಂತವು. ದರ್ಜಿ ಅಕ್ಕ ಉಗುರು ನೋಡಿಕೊಂಡಳು. "ಇನ್ನೊಬ್ಬರ ಮನೆ ವಿಷ್ಯಕ್ಕೆ ನಾವು ಹ್ಯಾಗಮ್ಮ ಬರೋದು? ಯಾವ ಹಕ್ಕಿನ ಮೇಲೆ?"

"ಅದೂ ಅಲ್ದೆ," ಎಂದಳು ಇನ್ನೊಬ್ಬಳು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿಮ್ಮತ್ತೇನೇ ಹೇಳ್ತಾರಲ್ಲ."

ಲೀಡರಮ್ಮನಿಗೆ ತನ್ನ ಗಾದೆ ತನ್ನ ಕೆನ್ನೆಗೇ ಬಿದ್ದ ಹಾಗಾಯಿತು.  ಸೊಸೆ ಚಾಪೆ ಸುತ್ತಿ ಮನೆಗೆ ನಡೆದಳು. ಎಲ್ಲಿಗೆ ಹೋಗಬೇಕು? ತವರಿನಲ್ಲಿ ಅಣ್ಣ ಹಿಂದೊಮ್ಮೆ ಬಾಗಿಲಿನಿಂದಲೇ ಬಸ್ ಚಾರ್ಜು ಕೊಟ್ಟು ತಿರುಗಿಸಿ ಕಳಿಸಿದ್ದ. ಇದ್ದ ಒಂದು ಗಿರಣಿ ಈ ಮನೆಯ ನೆಲಕ್ಕೆ ಬೋಲ್ಟು ಹಾಕಿ ನಿಂತಿತ್ತು.

ಅತ್ತೆ ಶಾಲೆಯಿಂದ ಮೊಮ್ಮಗಳನ್ನು ಕರೆತಂದು, ಏನಾದರೂ ಆದೀತೆಂದು ಪಕ್ಕದ ಮನೆಯಲ್ಲೇ ಕೂರಿಸಿ ಬಂದಳು. ಅಷ್ಟರಲ್ಲಿ ಮನೆಯ ಬಾಗಿಲು ಒಳಗಿನಿಂದ ಹಾಕಿತ್ತು. ಗಿರಣಿ ಓಡುತ್ತಿತ್ತು. ಕಾಳಿಲ್ಲದೆ ಬರಿದೇ ಓಡುವ ಗಿರಣಿಯ ಸದ್ದು ಬೇರೆ, ಆ ಮನೆಯವರಿಗೆ ಅದು ಗೊತ್ತು. ಕೂಗು ಹೊರಗೆ ಕೇಳಬಾರದೆಂದು ಅವನು ಸ್ವಿಚ್ಚು ಹಾಕಿದ್ದ. ಆದರೂ ಆ ಗಡಗಡದ ಅಡಿಯಲ್ಲಿ ಇನ್ನೊಂದು ಸದ್ದು ಬರುತ್ತಿತ್ತು. ಬೆಲ್ಟಿನ ಸದ್ದು. ನಡುನಡುವೆ ಸೊಸೆಯ ಸದ್ದು.

ಲೀಡರಮ್ಮ ಬಾಗಿಲು ಬಡಿದಳು, ಒದ್ದಳು, ಮಗನ ಹೆಸರು ಹಿಡಿದು ಶಪಿಸಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಬೀದಿಗೆ ಓಡಿದಳು.

"ಬನ್ರೇ! ಕೊಲ್ತಿದ್ದಾನೆ ಕಣ್ರೇ ಅವಳನ್ನ! ಯಾರಾದ್ರೂ ಬನ್ರೇ!"

ಬಾಗಿಲುಗಳು ಅರ್ಧ ತೆರೆದವು. ಮುಖಗಳು ಇಣುಕಿದವು. ದರ್ಜಿ ಅಕ್ಕನ ಹೊಲಿಗೆ ಯಂತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು. ಕೋಳಿಯಮ್ಮ ಅಂಗಳದಲ್ಲಿ ಕಾಳು ಎರಚುತ್ತಿದ್ದವಳು ತಲೆ ಎತ್ತಿ, ತುಟಿ ಕಚ್ಚಿಕೊಂಡು, ತಲೆ ತಗ್ಗಿಸಿದಳು. ಒಂದು ನರಪಿಳ್ಳೆಯೂ ಹೊಸ್ತಿಲು ದಾಟಲಿಲ್ಲ.

ಲೀಡರಮ್ಮ ನಡುಬೀದಿಯಲ್ಲಿ ನಿಂತಳು. ಆಗ ಅವಳ ಬಾಯಿಂದ ಆ ಸುಳ್ಳು ಬಂತು. ಯೋಚಿಸಿ ಹೇಳಿದ್ದಲ್ಲ, ತಾನಾಗಿ ಬಂತು.

"ಸಾಲ ತೀರಿಲ್ಲ ಕಣ್ರೇ! ಮೇಡಂ ಫೋನ್ ಮಾಡಿದ್ಲು! ಬಡ್ಡಿ ಲೆಕ್ಕ ತಪ್ಪಿದೆಯಂತೆ, ಇನ್ನೂ ಆರು ಕಂತು ಬಾಕಿಯಂತೆ! ಇವಳು ಸತ್ರೆ ನಾವೇ ಕಟ್ಟಬೇಕಂತೆ!"

ಹೊಲಿಗೆ ಯಂತ್ರ ನಿಂತಿತು. ಕೋಳಿಯಮ್ಮನ ಕೈಯ ಮೊರ ನೆಲಕ್ಕೆ ಬಿತ್ತು. "ಅಯ್ಯೋ ನಿಮ್ಮ ವಂಶ ಹಾಳಾಗ!" ಎಂದು ಅರಚುತ್ತಾ ಹಾರೆ ಹಿಡಿದು ಓಡಿ ಬಂದಳು. ಹಿಂದೆ ಒಬ್ಬಳು, ಅವಳ ಹಿಂದೆ ಇಬ್ಬರು. ಹಾರೆಯ ನಾಲ್ಕು ಏಟಿಗೆ ಬಾಗಿಲು ಚಿಲಕದ ಸಮೇತ ಕಿತ್ತು ಬಂತು.

ಸೊಸೆ ಗಿರಣಿಯ ಬುಡದಲ್ಲಿ ಮುದುಡಿ ಬಿದ್ದಿದ್ದಳು. ಕೂದಲು ರಕ್ತಕ್ಕೆ ಹಣೆಗೆ ಅಂಟಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು, ಬೆನ್ನ ಮೇಲೆ ಬಟ್ಟೆಯೇ ಉಳಿದಿರಲಿಲ್ಲ. ಅವನು ಬೆಲ್ಟು ಕೈಗೆ ಸುತ್ತಿಕೊಂಡು ನಿಂತಿದ್ದ. "ಸಾಲ ತೀರಿದೆ, ಹೊರಗೆ ಹೋಗ್ರೇ!" ಎಂದ. ಕೋಳಿಯಮ್ಮ ಹಾರೆಯ ಹಿಂಬದಿಯಿಂದ ಅವನ ಹೊಟ್ಟೆಗೆ ತಿವಿದಳು. ಈ ಸಲ ಯಾರೂ ಲೆಕ್ಕ ಹೇಳುತ್ತಾ ಹೊಡೆಯಲಿಲ್ಲ. ಎಲ್ಲರೂ ಆ ಬೆನ್ನು ನೋಡಿದ್ದರು. ತಮ್ಮ ಉಸಿರು ಕಟ್ಟುವ ತನಕ ಹೊಡೆದರು. ಅವನ ಹಲ್ಲೆರಡು ಉದುರಿ ಹಿಟ್ಟಿನಲ್ಲಿ ಬಿದ್ದವು.

ಕೋಳಿಯಮ್ಮ ಗಿರಣಿ ಆರಿಸಿ, ಏದುಸಿರು ಬಿಡುತ್ತಾ ಕೇಳಿದಳು, "ಎಷ್ಟಂತೆ ಬಾಕಿ? ಕಂತಿಗೆ ಎಷ್ಟು ಬೀಳುತ್ತೆ?"

ಲೀಡರಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. "ಏನೂ ಇಲ್ಲ," ಎಂದಳು.

"ಏನಂದೆ?"

"ಬಾಕಿ ಇಲ್ಲ. ಸುಳ್ಳು ಹೇಳಿದೆ."

ಕೋಳಿಯಮ್ಮ ಛಟೀರನೆ ಅವಳ ಕೆನ್ನೆಗೆ ಬಾರಿಸಿದಳು. "ನಮ್ಮ ಹೊಟ್ಟೆಗೆ ಬೆಂಕಿ ಹಚ್ಚಿ ಓಡಿಸ್ಕೊಂಡು ಬಂದ್ಯಲ್ಲೇ! ಆರು ಕಂತು ಅಂದಾಗ ನನ್ನ ಜೀವ ಹೋಗಿ ಬಂತು!"

"ನಿಜ ಹೇಳ್ದಾಗ ನೀನು ಕೋಳಿಗೆ ಕಾಳು ಹಾಕ್ತಿದ್ದೆ," ಎಂದಳು ಲೀಡರಮ್ಮ. ಕೆನ್ನೆ ಒರೆಸಿಕೊಳ್ಳಲಿಲ್ಲ.

 ದರ್ಜಿ ಅಕ್ಕ ತನ್ನ ಮೇಲುಹೊದಿಕೆ ತೆಗೆದು ಸೊಸೆಯ ಬೆನ್ನಿಗೆ ಹೊದಿಸಿದಳು, ಆಮೇಲೆ ಗೋಡೆಯ ಕಡೆ ತಿರುಗಿ ಬಿಕ್ಕಿದಳು.

"ಈ ಸುಳ್ಳು ಇನ್ನೊಂದು ಸಲ ನಡೆಯಲ್ಲ," ಎಂದಳು ಲೀಡರಮ್ಮ. "ಅದು ನನಗೂ ಗೊತ್ತು, ಇವನಿಗೂ ಗೊತ್ತು. ಬಂದಿದ್ದೀರಿ, ಒಂದು ಉಪಕಾರ ಮಾಡಿ. ಬೋಲ್ಟು ಬಿಚ್ಚಿ. ಗಿರಣಿ ಅವಳದ್ದು. ಇವತ್ತೇ, ಈಗಲೇ ಅವಳ ಜೊತೆ ಹೋಗ್ಬೇಕು."

"ಸುಳ್ಳು ಹೇಳಿ ಕರೆಸಿದ್ದಲ್ದೆ ಕೂಲೀನೂ ಮಾಡಿಸ್ಕೊಳ್ತೀಯಾ?" ಎಂದು ಬೈಯುತ್ತಲೇ ಕೋಳಿಯಮ್ಮ ಸ್ಪ್ಯಾನರ್ ಹುಡುಕಿದಳು. "ಪೇಟೇಲಿ ನನ್ನ ತಂಗಿಯ ಶೆಡ್ಡು ಖಾಲಿ ಬಿದ್ದಿದೆ. ಬಾಡಿಗೆ ಕೊಡಬೇಕು, ಧರ್ಮಕ್ಕಲ್ಲ. ಆದರೆ ಅವಳ ಗಂಡ ಪೈಲ್ವಾನ. ಇವನು ಅಲ್ಲಿಗೆ ಬಂದ್ರೆ ಕಾಲು ಮುರಿದು ಕೈಗೆ ಕೊಟ್ಟು ಕಳಿಸ್ತಾನೆ."

ಕೋಳಿ ಸಾಗಿಸುವ ಮೂರು ಚಕ್ರದ ಗಾಡಿ ಬಂತು. ಹೆಂಗಸರು ಮೋಟಾರು, ಕಲ್ಲು, ಕಾಳು ಸುರಿಯುವ ಬಾಯಿಬುಟ್ಟಿ ಒಂದೊಂದಾಗಿ ಹೊತ್ತರು, ಮುಲುಗಿದರು, ಬೈದುಕೊಂಡರು. ಇಬ್ಬರು ಸೊಸೆಯನ್ನು ಎತ್ತಿ ಮುಂದೆ ಕೂರಿಸಿದರು, ಮೊದಲು ಆಸ್ಪತ್ರೆಗೆ ಎಂದರು. ಮೊಮ್ಮಗಳನ್ನು ಯಾರೋ ತಂದು ಪಕ್ಕದಲ್ಲಿಟ್ಟರು. ಸೊಸೆ ಒಡೆದ ತುಟಿಯಲ್ಲಿ ಕೂಗಿದಳು, "ಅತ್ತೆ, ನೀವೂ ಬನ್ನಿ. ನಿಮ್ಮನ್ನ ಬಿಡ್ತಾರಾ ಅವರು?"

"ನಾನೂ ಬಂದ್ರೆ ಗಾಡಿ ಮೂಲೆ ತಿರುಗೋಕೆ ಮುಂಚೆ ಟ್ರ್ಯಾಕ್ಟರ್ ತಂದು ಗುದ್ದುತ್ತಾನೆ ಕಣೇ. ಬಾಗಿಲಿಗೆ ಒಬ್ಬರಾದ್ರೂ ಬೇಕಲ್ಲ. ಹೋಗು. ಮಗೂಗೆ ಹೊತ್ತಿಗೆ ಸರಿಯಾಗಿ ಅನ್ನ ಹಾಕು."

ಗಾಡಿ ಹೊರಟಿತು, ಹೆಂಗಸರು ಅದರ ಹಿಂದೆ ಊರಾಚೆಯ ತನಕ ನಡೆದರು. ಲೀಡರಮ್ಮ ಕಿತ್ತುಹೋದ ಬಾಗಿಲನ್ನು ಎಳೆದು ನಿಲ್ಲಿಸಿ, ಕೋಳಿಯಮ್ಮ ಬಿಟ್ಟುಹೋದ ಹಾರೆ ಎತ್ತಿಕೊಂಡು ಹೊಸ್ತಿಲ ಮೇಲೆ ನಿಂತಳು. ಒಳಗೆ ಮಗ ಗೋಡೆ ಹಿಡಿದು ಏಳುತ್ತಿದ್ದ. ಮೈಯೆಲ್ಲ ಹಿಟ್ಟು, ಬಾಯೆಲ್ಲ ರಕ್ತ.

"ಟ್ರ್ಯಾಕ್ಟರ್ ಬೀಗದ ಕೈ ಎಲ್ಲಿ?"

"ನನ್ನ ಸೊಂಟದಲ್ಲಿದೆ. ನೀನು ಬಿದ್ದಿದ್ದಾಗ ತಗೊಂಡೆ."

"ದಾರಿ ಬಿಡು."

"ಬಿಡಲ್ಲ."

"ಅಮ್ಮ, ನೀನು ಅಂತಾನೂ ನೋಡಲ್ಲ ನಾನು. ನೀನು ಕೂಗಿದ್ರೆ ಈಗ ಯಾವ ಮುಂಡೇರು ಬರ್ತಾರೆ? ನಿನ್ನ ಮೇಲೆ ಯಾವ ಸಾಲ ಇದೆ?"

"ಯಾವುದೂ ಇಲ್ಲಪ್ಪ," ಎಂದಳು ತಾಯಿ. "ಅದಕ್ಕೇ ಕೂಗಲ್ಲ."

ಅವನು ಬೆಲ್ಟು ಎತ್ತಿಕೊಂಡು ಎರಡು ಹೆಜ್ಜೆ ಬಂದ. ನಡೆಯುವ ರೀತಿ ಅವನಪ್ಪನದೇ, ಎಡಭುಜ ಮುಂದೆ ಮಾಡಿ ಬರುವುದು. ಆ ಭುಜ ಕಂಡಾಗಲೆಲ್ಲ ಅವಳು ತಲೆ ತಗ್ಗಿಸಿ ಬೆನ್ನು ಕೊಟ್ಟವಳು, ಕಾಯುತ್ತಾ ನಿಂತವಳು. ಈ ಸಲ ಕಾಯಲಿಲ್ಲ. ಅವನು ಕೈ ಎತ್ತುವ ಮೊದಲೇ ಎರಡೂ ಕೈಯಲ್ಲಿ ಹಾರೆ ಎತ್ತಿ, ತಾನು ಹೆತ್ತ ಮಗನ ಬಲಗೈಗೆ ಮೊದಲ ಏಟು ಅವಳೇ ಹಾಕಿದಳು.